ಬೋಧಗಯೆಗೆ ಎರಡು ಸೀಟು

ನನ್ನ ಹೆಂಡತಿ ದ್ರೌಪದಿಗೆ ಬೋಧಗಯೆಯ ಹುಚ್ಚು ಹಿಡಿಸಿದವರು ಅವಳ ತವರೂರು ಹನ್ನೂರಿನ ಶಾಲೆಯ ಮಾಸ್ತರರು. ಅರಮನೆ ಬಿಟ್ಟು ಬಂದ ರಾಜಕುಮಾರ ಅರಳಿಮರದ ಕೆಳಗೆ ಕೂತ, ದುಃಖದ ಮೂಲ ತಿಳಿಯುವವರೆಗೆ ಏಳಲಿಲ್ಲ, ಅಲ್ಲೇ ಬುದ್ಧನಾದ ಎಂದು ಅವರು ಹೇಳಿದ್ದನ್ನು ಈಕೆ ಐವತ್ತು ದಾಟಿದರೂ ಮರೆತಿರಲಿಲ್ಲ. ‘ಆ ಗಿಡದ ನೆರಳಿಗೆ ಒಂದ್ ತಾಸು ಕುಂತ್ ಬರೂಣ್ರಿ’ ಎನ್ನುವಳು. ಹೆಡ್ ಕ್ಲಾರ್ಕ್ ಆಗಿದ್ದ ನಾನು ಕಚೇರಿಯ ಅರ್ಜಿಗಳನ್ನು ಮಲಗಿಸಿದಂತೆ ಅದನ್ನೂ ಮಲಗಿಸಿದ್ದೆ.

೧೯೯೨ರಲ್ಲಿ ಅಪ್ಪನ ಪಿಂಡಕ್ಕೆಂದು ಇಬ್ಬರೂ ಗಯೆಗೆ ಹೋದೆವು. ಬೋಧಗಯೆ ಅಲ್ಲಿಂದ ಏಳೇ ಮೈಲು. ಮಧ್ಯಾಹ್ನವೆಲ್ಲ ಬಿಡುವಿತ್ತು. ‘ಟಾಂಗಾ ಸಿಗ್ತಾವಂತ್ರಿ’ ಅಂದಳು. ‘ನಾವ್ ಬಂದದ್ದು ಅಪ್ಪನ ಕಾರ್ಯಕ್ಕ, ತಿರುಗಾಡಾಕಲ್ಲ’ ಎಂದು ಗದರಿಸಿ, ಧರ್ಮಶಾಲೆಯಲ್ಲಿ ಗೊರಕೆ ಹೊಡೆದೆ. ಮರುದಿನ ಅಕ್ಷಯವಟದ ಕೆಳಗೆ, ಗಯೆಗೆ ಹೋದವರೆಲ್ಲ ಮಾಡುವಂತೆ, ಇಷ್ಟವಾದದ್ದೊಂದನ್ನು ಜೀವನಪೂರ್ತಿ ಬಿಡುವ ಸಂಕಲ್ಪ ಮಾಡಿದೆವು. ನಾನು ಪಡವಲಕಾಯಿ ಬಿಟ್ಟೆ. ಮೊದಲೂ ಅದನ್ನು ಮುಟ್ಟುತ್ತಿರಲಿಲ್ಲ. ದ್ರೌಪದಿ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಏನೋ ಬಿಟ್ಟಳು.

ಆಮೇಲೆ ಅವಳು ಬೋಧಗಯೆಯ ಮಾತೆತ್ತಲಿಲ್ಲ. ಪೀಡೆ ತೊಲಗಿತು ಅಂದುಕೊಂಡೆ. ನಿವೃತ್ತನಾಗಿ ವಿಜಾಪುರ ರಸ್ತೆಯ ಮನೆಯಲ್ಲಿ ಕೂತ ಮೇಲೆ ಆ ಮೌನ ನನ್ನನ್ನು ತಿನ್ನತೊಡಗಿತು. ೧೯೯೭ರಲ್ಲಿ ಅಕ್ಕಲಕೋಟದ ಭೀಮಶಾ ಬೋಧಗಯೆಗೆ ಯಾತ್ರೆಯ ಬಸ್ಸು ಹೊರಡಿಸುತ್ತಾನೆಂದು ಕೇಳಿದವನೇ, ಹೋಗಿ ಎರಡು ಸೀಟು ಹಿಡಿದು ಬಂದೆ.

ಚೀಟಿ ಕೈಗಿತ್ತಾಗ ದ್ರೌಪದಿ ಅದನ್ನು ಎರಡು ಸಲ ಓದಿದಳು. ಅವಳ ಕಣ್ಣು ತುಂಬಿದವು.

‘ನಾ ಬರಂಗಿಲ್ರಿ. ಆ ಆಸಿನೇ ನಾ ಗಯಾದಾಗ ಬಿಟ್ಟು ಬಂದೀನಿ.’

‘ಹುಚ್ಚಿ, ಅಲ್ಲಿ ಕಾಯಿಪಲ್ಯಾ ಬಿಡ್ತಾರ!’

‘ಇಷ್ಟದ್ದು ಬಿಡ್ರಿ ಅಂದ್ರು ಭಟ್ರು. ನನಗ ಅದಕ್ಕಿಂತ ಇಷ್ಟದ್ದು ಬ್ಯಾರೆ ಏನಿತ್ತು?’

ಕಾಲು ಹಿಡಿಯುವುದೊಂದು ಬಾಕಿ, ಹಾಗೆ ಬೇಡಿಕೊಂಡೆ. ‘ಮಾವನವ್ರ ಹೆಸರಿಲೆ ಬಿಟ್ಟದ್ದು, ಮತ್ತ ಹೆಂಗ್ ಮುಟ್ಲಿ? ನೀವ್ ಹೋಗಿ ಬರ್ರಿ’ ಅಂದಳು.

ಹೋದೆ. ಮರದ ಸುತ್ತ ಎಲ್ಲೆಲ್ಲಿಯ ದೇಶದವರೋ ಕಣ್ಣು ಮುಚ್ಚಿ ಕೂತಿದ್ದರು. ಕೆಲವರು ನೆಲಕ್ಕೆ ಹಣೆ ಹಚ್ಚಿ ಅಳುತ್ತಿದ್ದರು. ಬುದ್ಧನಿಗೆ ಜ್ಞಾನ ದೊರೆತ ಆ ನೆರಳಿನಲ್ಲಿ ನನಗೆ ಅವಳೊಬ್ಬಳೇ ಬೇಕಾಗಿದ್ದಳು. ಪಕ್ಕದಲ್ಲಿ ಟವೆಲ್ ಹಾಸಿಟ್ಟು ಕೂತೆ. ಯಾವುದೋ ದೇಶದ ಮುದುಕ ಭಿಕ್ಷುವೊಬ್ಬರು ಬಂದು, ಅಲ್ಲಿ ಕೂರಲೇ ಎಂದು ಕೈಸನ್ನೆ ಮಾಡಿದರು.

‘ಇಲ್ರಿ, ನಮ್ಮ ಮನಿಯಾಕಿ ಬರಾಕತ್ತಾಳ’ ಎಂದು ಅವರಿಗೆ ತಿಳಿಯದ ಕನ್ನಡದಲ್ಲಿ ಹೇಳಿಬಿಟ್ಟೆ.