ನಾಲೆಗೆ ಬಿದ್ದ ಔಷಧಿ

ನಾಲೆಯ ಏರಿಯ ಮೇಲೆ ಟ್ರಾಕ್ಟರಿನ ಹಿಂದಿದ್ದ ಟ್ರೈಲರು ಒಮ್ಮೆಲೇ ವಾಲಿತು. ಕಬ್ಬಿನ ಬುಡಕ್ಕೆ ಹೊಯ್ಯಲು ಹುಳದ ಔಷಧಿ ಕಲಸಿಟ್ಟಿದ್ದ ಡ್ರಮ್ಮು ಜಾರತೊಡಗಿತು. ಟ್ರಾಕ್ಟರು ನಿಲ್ಲಿಸಿ ಇಳಿದು ಅದನ್ನು ತಡೆಯಲು ಹೋದ ರವೀಂದ್ರ ಅದರ ಜೊತೆಗೇ ನೀರಿಗೆ ಬಿದ್ದ.

ಹಿಂದೆ ನಡೆದು ಬರುತ್ತಿದ್ದ ಅವನ ತಾಯಿ ಪುಟ್ಟಗೌರಮ್ಮ ಹಗ್ಗ ಇಳಿಬಿಟ್ಟು, ಕಾಲು ಊರಿ ಎಳೆದಳು. ಮಗ ಕೆಮ್ಮುತ್ತಾ ದಡ ಹತ್ತಿದ. ಆಮೇಲೆ ಅವಳು ನೀರು ನೋಡಿದಳು. ಹಾಲು ಚೆಲ್ಲಿದ ಹಾಗೆ ಬಿಳಿ ಪಟ್ಟೆಯೊಂದು ನಾಗಮಂಗಲದ ಕಡೆಗೆ ಹರಿಯುತ್ತಿತ್ತು. ಅದು ಆ ಕಡೆಯ ಜಲಾಶಯಕ್ಕೆ ಹೋಗುವ ಕುಡಿಯುವ ನೀರು. ದಾರಿಯ ಊರುಗಳ ನಲ್ಲಿಗೂ ಅದೇ.

"ಅವ್ವ, ಯಾರ್ಗೂ ಏಳ್ಬ್ಯಾಡ. ಓಯ್ತಾ ಓಯ್ತಾ ನೀರು ತಿಳಿಯಾಯ್ತದೆ."

"ಕುಡಿಯೋರು ಮನುಷ್ರಲ್ವೇನ್ಲಾ?"

ಕೆಳಗಿನ ಗೇಟಿನಲ್ಲಿ ನೀರು ಬಿಡುವ, ಕಟ್ಟುವ ನೀರುಗಂಟಿ ಕುಳ್ಳಯ್ಯ. ಇವರು ಕದ್ದುಮುಚ್ಚಿ ನೀರೆತ್ತಲು ಇಟ್ಟಿದ್ದ ಪಂಪನ್ನು ಹೋದ ವಾರವಷ್ಟೇ ನಾಲೆಯಿಂದ ಕಿತ್ತುಹಾಕಿಸಿದ್ದ. ಆವತ್ತು ಪುಟ್ಟಗೌರಮ್ಮ ಬಾಯಿಗೆ ಬಂದಂತೆ ಬೈದಿದ್ದಳು. ಈಗ ಅವನಿಗೇ ಫೋನು ಮಾಡಿದಳು.

"ಕುಳ್ಳಯ್ಯ, ಗೇಟು ಮುಚ್ಚಪ್ಪ. ನಾಲೆಗೆ ಔಷಧಿ ಬಿದ್ಬುಟ್ಟದೆ."

"ಗೇಟು ಮುಚ್ಚುದ್ರೆ ನೀರು ಏರಿ ನಿಮ್ ತಾವ್ಕೆ ಬತ್ತದೆ, ತಿರ್ಗಾ ಪಂಪು ಇಡ್ಬೋದು ಅಂತ ತಾನೆ. ನಂಗೊತ್ತಿಲ್ವಾ ಗೌರಮ್ನೋರೆ?" ಅವನು ಫೋನು ಇಟ್ಟುಬಿಟ್ಟ.

ಬಿಳಿ ಪಟ್ಟೆ ತಿರುವು ದಾಟುತ್ತಿತ್ತು. ಅವಳು ಮತ್ತೆ ಫೋನು ಮಾಡಿ ಮಗನ ಕಿವಿಗೆ ಹಿಡಿದಳು. "ಅವ್ನಿಗೆ ನೀನೇ ಏಳು."

"ಕೇಸಾಯ್ತದೆ, ಅವ್ವ."

"ಆಗ್ಲಿ."

ಆ ಕಡೆಯಿಂದ ಹಲೋ ಅಂದಾಗ ರವೀಂದ್ರ ಕಣ್ಣು ಮುಚ್ಚಿಕೊಂಡ. "ಕುಳ್ಳಣ್ಣ, ಬೀಳ್ಸಿದ್ದು ನಾನೇ. ಪೊಲೀಸ್ರಿಗೂ ನಾನೇ ಏಳ್ತೀನಿ. ಮುಚ್ಚಣ್ಣ..." ಮಾತು ತೊದಲಿತು. ಹಾಗೇ ಕುಸಿದು ಕೂತ. ಬಾಯಿಂದ ಜೊಲ್ಲು ಇಳಿಯುತ್ತಿತ್ತು, ಮೈಯೆಲ್ಲ ಬೆವರು. ಆ ನೀರು ಅವನ ಹೊಟ್ಟೆಗೂ ಹೋಗಿರಬಹುದೆಂದು ಅವಳಿಗೆ ಅಲ್ಲಿಯತನಕ ಹೊಳೆದೇ ಇರಲಿಲ್ಲ.

"ಕುಳ್ಳಯ್ಯ, ನನ್ ಮಗ ಬಿದ್ಬುಟ್ಟ ಕಣಪ್ಪ," ಎಂದು ಫೋನಿಗೆ ಕೂಗಿ, ಔಷಧಿಯಲ್ಲಿ ನೆಂದ ಅವನ ಅಂಗಿ ಹರಿದು ತೆಗೆದಳು.

ಕುಳ್ಳಯ್ಯ ಗೇಟು ಇಳಿಸಿದ. ವಿಷದ ನೀರು ಹಳ್ಳಕ್ಕೆ ಹೋಗುವಂತೆ ಆ ಕಡೆಯ ಗೇಟು ಎತ್ತಿ, ನೀರಾವರಿ ಕಚೇರಿಗೆ ಸುದ್ದಿ ಮುಟ್ಟಿಸಿ, ಸಿಕ್ಕ ಗೂಡ್ಸ್ ಆಟೋ ಹಿಡಿದು ಏರಿಗೆ ಬಂದ. ಇಬ್ಬರೂ ಸೇರಿ ರವೀಂದ್ರನನ್ನು ಪಾಂಡವಪುರದ ಆಸ್ಪತ್ರೆಗೆ ಸಾಗಿಸಿದರು.

ಹಳ್ಳದ ಮೀನೆಲ್ಲ ಸತ್ತು ತೇಲಿದವಂತೆ. ನಲ್ಲಿಗಳನ್ನು ನಿಲ್ಲಿಸಿ ಊರೂರಿಗೆ ಟ್ಯಾಂಕರು ಕಳಿಸಿದರಂತೆ. ಸಂಜೆ ಹೊತ್ತಿಗೆ ರವೀಂದ್ರ ಕಣ್ಣು ಬಿಟ್ಟು ತಾಯಿಯನ್ನು ಗುರುತಿಸಿದ. ಜೀವಕ್ಕೆ ಭಯವಿಲ್ಲ ಎಂದರು ಡಾಕ್ಟರು.

ಹೊರಗಿನ ಬೆಂಚಿನಲ್ಲಿ ಕುಳ್ಳಯ್ಯ ತಲೆ ತಗ್ಗಿಸಿ ಕೂತಿದ್ದ. "ಮೊದ್ಲೇ ನಾನು ನಂಬ್ಬೇಕಾಗಿತ್ತು."

"ನಂಬೋ ಅಂಗೆ ನಾವೆಲ್ಲಿ ನಡ್ಕಂಡಿದ್ವಿ?" ಎಂದಳು ಪುಟ್ಟಗೌರಮ್ಮ.

ಅಷ್ಟರಲ್ಲಿ ಪೊಲೀಸಿನವನೊಬ್ಬ ಬಂದು, ರವೀಂದ್ರನ ಕಡೆಯವರು ಯಾರು ಎಂದು ಕೇಳಿದ. ಅವಳು ಸೆರಗು ಸರಿಮಾಡಿಕೊಂಡು ಎದ್ದಳು.