ಚಕ್ರ ಬಿಚ್ಚಿದ ಬ್ಯಾಗು

ನಾಲ್ಕೇ ದಿನ ಅಂತಾಳೆ, ಹಾಗಾದರೆ ಬ್ಯಾಗು ಆರೂಮುಕ್ಕಾಲು ಕಿಲೋ ಯಾಕೆ ತೂಗುತ್ತೆ? ಕೊಕ್ಕೆಯ ತಕ್ಕಡಿಯ ಮುಳ್ಳನ್ನು ಅವನು ಮತ್ತೊಮ್ಮೆ ನೋಡಿದ. ಕೈಯಲ್ಲಿ ಒಯ್ಯಲು ವಿಮಾನದವರು ಬಿಡುವುದು ಏಳು ಕಿಲೋ. ಮೊಣಕಾಲಿನ ಆಪರೇಷನ್ ಆದ ಅಕ್ಕನನ್ನು ನೋಡಿಕೊಳ್ಳಲು ಹೊರಟ ಹೆಂಡತಿ ವಾಪಸಿನ ಟಿಕೆಟ್ ತೆಗೆಸಿರಲಿಲ್ಲ. ಕೇಳಿದರೆ, "ಅಕ್ಕ ಅಲ್ಲಿಂದಲೇ ಮಾಡಿಸ್ತಾಳೆ" ಎಂದಿದ್ದಳು. ಇವಳು ತಿರುಗಿ ಬರುವುದಿಲ್ಲವೇನೋ ಎಂಬ ಹುಳ ಅಂದೇ ಅವನ ತಲೆ ಹೊಕ್ಕಿತ್ತು.

ಇಪ್ಪತ್ತು ವರ್ಷದಿಂದ ಬ್ಯಾಗು ರಿಪೇರಿ ಮಾಡುವವನು ಅವನು. ಇದನ್ನೂ ತನ್ನ ಅಂಗಡಿಯಿಂದ ತಾನೇ ಆರಿಸಿ ತಂದಿದ್ದ. ಅವಳು ಟೇಪು ಹಿಡಿದುಕೊಂಡು, ಮೊಬೈಲಿನಲ್ಲಿ ನಿಯಮ ಓದುತ್ತ ಬಂದಳು.

"ರೀ, ಎತ್ತರ ಐವತ್ತೈದು ಸೆಂಟಿಮೀಟರ್ ದಾಟಬಾರದಂತೆ. ಇದು ಐವತ್ತೊಂಬತ್ತಿದೆ."

"ಟೇಪು ಸರಿಯಾಗಿ ಹಿಡಿ. ಐವತ್ತೈದೇ. ನಾನೇ ಅಳೆದಿದ್ದೀನಿ."

"ಚಕ್ರ ಯಾರು ಅಳೀತಾರೆ, ನಿಮ್ಮ ತಾತನಾ? ಚಕ್ರಾನೂ ಸೇರಿಸಿ ಅಂತ ಬರೆದಿದೆ, ನೋಡಿ."

ಅವನು ಪೆಚ್ಚಾದ. ಅವನ ಕಸುಬಿನಲ್ಲಿ ಬ್ಯಾಗೆಂದರೆ ಬಟ್ಟೆಯ ಮೈ, ಅಷ್ಟೇ. ಹೊಲಿಯುವವನು ಚಕ್ರ ಅಳೆಯುವುದಿಲ್ಲ.

"ಬೇಕಂತಲೇ ತಂದ್ರಾ? ಗೇಟಲ್ಲಿ ನನ್ನ ತಡೀಲಿ ಅಂತ?" ನಗುತ್ತಲೇ ಕೇಳಿದಳು. ಆದರೆ ಉತ್ತರಕ್ಕೆ ಕಾದಳು.

"ಒಳ್ಳೆ ಅನುಮಾನದ ಪಿಶಾಚಿ ಕಣೇ ನೀನು. ಚಕ್ರ ಬಿಚ್ಚಿ ಹೆಗಲಪಟ್ಟಿ ಹಾಕಿಕೊಡ್ತೀನಿ, ತಾಳು."

ಅವಳ ಕೈ ಬ್ಯಾಗಿನ ಮೇಲೆ ಹೋಯಿತು. "ಹೊರಗಿಂದ ತಾನೇ ಬಿಚ್ಚೋದು?"

"ಹೂಂ."

ಅವಳು ಕೈ ತೆಗೆದು ಅಡುಗೆಮನೆಗೆ ಹೋದಳು.

ಅವನು ಬಟ್ಟೆಗಳನ್ನು ಮಡಿಕೆ ಕೆಡದಂತೆ ತೆಗೆದಿಟ್ಟ. ತಳದಲ್ಲಿ ಅಸ್ತರಿಗೊಂದು ಸಣ್ಣ ಜಿಪ್ಪಿರುತ್ತದೆ. ಕೊಂಡವರು ಯಾರೂ ಅದನ್ನು ತೆರೆಯುವುದಿಲ್ಲ, ರಿಪೇರಿಯವನು ಮಾತ್ರ ತೆರೆಯುತ್ತಾನೆ. ಎಳೆದ. ಸ್ಕ್ರೂಗಳ ಮೇಲೆ ಒಂದು ಪ್ಲಾಸ್ಟಿಕ್ ಫೈಲು ಮಲಗಿತ್ತು. ಅವಳ ಅಂಕಪಟ್ಟಿಗಳು. ಮದುವೆಗೆ ಮುಂಚೆ ಪಾಠ ಹೇಳುತ್ತಿದ್ದ ಶಾಲೆ ಕೊಟ್ಟ ಅನುಭವಪತ್ರ. ಹೊಸದಾಗಿ ತೆಗೆಸಿದ ನಾಲ್ಕು ಫೋಟೋ.

ಫೋಟೋದಲ್ಲಿ ಅವಳು ತಲೆ ನೆಟ್ಟಗೆ ಎತ್ತಿ ಕೂತಿದ್ದಳು. ಇದನ್ನು ತೆಗೆಸಿಕೊಂಡದ್ದು ಯಾವಾಗ? ತಾನು ಅಂಗಡಿಯಲ್ಲಿದ್ದಾಗಲೇ ಇರಬೇಕು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಅವನೂ ಕೈ ನಿಲ್ಲಿಸಿದ. ಸದ್ದು ಮತ್ತೆ ಶುರುವಾಯಿತು.

ಸ್ಕ್ರೂ ಬಿಚ್ಚಿದ, ಫೈಲನ್ನು ಇದ್ದ ಹಾಗೇ ಮಲಗಿಸಿ ಜಿಪ್ಪೆಳೆದ, ಬಟ್ಟೆಗಳನ್ನು ಮೊದಲಿನ ಸಾಲಿನಲ್ಲೇ ಜೋಡಿಸಿದ. ಪಟ್ಟಿಗೆ ಎರಡು ಸಾಲು ಹೊಲಿಗೆ ಸಾಕು. ಅವನು ಮೂರು ಹಾಕಿದ.

ಅವಳು ಬಂದು ಹೆಗಲಿಗೇರಿಸಿ ನೋಡಿದಳು. "ಹಗುರ ಆಯ್ತಲ್ರೀ!"

"ಚಕ್ರ ಹೋಯ್ತಲ್ಲ."

"ಬಂದಮೇಲೆ ಮತ್ತೆ ಹಾಕಿಕೊಡಿ."

ಅದನ್ನು ಹೇಳುವಾಗ ಅವಳು ಅವನ ಮುಖ ನೋಡಲಿಲ್ಲ, ಪಟ್ಟಿಯ ಬಕಲ್ಲು ಸರಿಮಾಡುತ್ತಿದ್ದಳು. ಅವನು ಚಕ್ರಗಳನ್ನು ಕಾಗದದಲ್ಲಿ ಸುತ್ತಿ ಡ್ರಾಯರಿನಲ್ಲಿಟ್ಟ.

ಚಕ್ರದ ಸ್ಕ್ರೂಗಳು ಬ್ಯಾಗಿನ ಒಳಗಿರುತ್ತವೆ ಎಂದು ಅವನು ಅವಳಿಗೆ ಹೇಳಲೇ ಇಲ್ಲ.