ಹತ್ತಕ್ಕೆ ಒಂಬತ್ತು ಅಂಕದ ಅಕ್ಕ

ಅಕ್ಕ ಕಾಣೆಯಾದ ಸಂಜೆ ನಾನು ತರಗತಿಯಿಂದ ಅರ್ಧ ಗಂಟೆ ತಡವಾಗಿ ಹೊರಗೆ ಬಂದೆ. ಅಂದು ಕಿರುಪರೀಕ್ಷೆಯಿತ್ತು. ಉಳಿದವರೆಲ್ಲ ಬರೆದು ಕೊಟ್ಟು ಹೋದ ಮೇಲೂ ನಾನು ಪ್ರತಿ ವಾಕ್ಯದಲ್ಲಿ ಕರ್ತೃವಿನ ಕೆಳಗೊಂದು, ಕ್ರಿಯಾಪದದ ಕೆಳಗೊಂದು ಗೆರೆ ಎಳೆದು, ಎರಡೂ ಹೊಂದುತ್ತವೆಯೇ ಎಂದು ಮತ್ತೆ ಮತ್ತೆ ನೋಡುತ್ತಿದ್ದೆ. ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಹಿಂತಿರುಗುವ ಜಾಯಮಾನ ನನ್ನದು.

ಹಗಲು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತೇನೆ, ಸಂಜೆ ಈ ಶಾಲೆ. ಬಿಡುವ ಹೊತ್ತಿಗೆ ಅಕ್ಕ ಗೇಟಿನ ಬಳಿ ಬಂದು ನಿಲ್ಲುತ್ತಾಳೆ. ಮೊದಲು ಅವಳೂ ಅದೇ ಲಾಂಡ್ರಿಯಲ್ಲಿದ್ದಳು. ಕೆಲಸ ಕಲಿಸಿದವಳೇ ಅವಳು. ಕಳೆದ ವರ್ಷದಿಂದ ನೆನಪು ಕೈಕೊಡುತ್ತಿದೆ. ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೇ ಮರೆತು ಎರಡು ಅಂಗಿ ಸುಟ್ಟ ಮೇಲೆ ಮಾಲೀಕರು ಮನೆಯಲ್ಲಿರಲು ಹೇಳಿದರು. ಶಾಲೆಯ ದಾರಿಯೊಂದು ಮಾತ್ರ ಅವಳಿಗೆ ತಪ್ಪಿರಲಿಲ್ಲ. ಬರಬೇಡವೆಂದರೆ, "ಅದನ್ನೂ ಬಿಡ್ಸಿದ್ರೆ ನಾನಿನ್ನು ಗೋಡೆ ನೋಡ್ಕೊಂಡು ಕೂತಿರ್ಲಾ?" ಎಂದು ಸಿಡುಕುತ್ತಿದ್ದಳು.

ಅಂದು ಅವಳು ಬಂದಿದ್ದಳೆಂದು ಕಾವಲುಗಾರ ಹೇಳಿದ. ಎಲ್ಲರೂ ಹೊರಟುಹೋದದ್ದು ನೋಡಿ, ತಂಗಿಯೂ ಹೋಗಿಬಿಟ್ಟಳೇನೋ ಎಂದುಕೊಂಡು ಅವಸರದಿಂದ ನಡೆದಳಂತೆ. ಮನೆಯ ಕಡೆಗಲ್ಲ, ಬಸ್ ನಿಲ್ದಾಣದ ಕಡೆಗೆ.

ನಿಲ್ದಾಣದ ಜನಜಂಗುಳಿಯಲ್ಲಿ ಅವಳು ಸಿಗಲಿಲ್ಲ. ಮನೆಗೆ ಓಡಿ ನೋಡಿದೆ, ಬೀಗವಿತ್ತು. ಪೊಲೀಸ್ ಠಾಣೆಗೆ ಹೋದೆ. ಪೇದೆ ಫೋಟೋ ಕೇಳಿದರು. ನನ್ನದು ಗುಂಡಿ ಒತ್ತುವ ಹಳೆಯ ಫೋನು. ಅದರಲ್ಲಿ ಯಾರ ಫೋಟೋವೂ ಇಲ್ಲ. ಹಾಗಾದರೆ ನೋಡಲು ಹೇಗಿದ್ದಾರೆಂದು ಬರೆದು ಕೊಡಿ, ಎಲ್ಲ ಕಡೆಗೂ ತಿಳಿಸುತ್ತೇನೆ ಎಂದು ಹಾಳೆ ಕೊಟ್ಟರು.

'ನನ್ನ ಅಕ್ಕ' ಎಂದು ಬರೆದೆ. ಮುಂದೆ ಕೈ ಓಡಲಿಲ್ಲ. 'ಇದ್ದಾಳೆ' ಎನ್ನಲೋ 'ಇದ್ದಾರೆ' ಎನ್ನಲೋ ತಿಳಿಯದೆ ಎರಡು ಸಲ ಹೊಡೆದು ಹಾಕಿದೆ. ಸರ್ಕಾರಿ ಕಾಗದದಲ್ಲಿ ತಪ್ಪಾದರೆ ಎಂಬ ಭಯ. ಆಗ ಚೀಲದಲ್ಲಿದ್ದ ಪುಸ್ತಕ ನೆನಪಾಯಿತು. ಎರಡು ವಾರದ ಹಿಂದೆ ಮೇಡಂ 'ನನ್ನ ಮೆಚ್ಚಿನ ವ್ಯಕ್ತಿ' ಬರೆಸಿದ್ದರು. ತಲೆಯಿಂದ ಕಾಲಿನವರೆಗೆ ಕ್ರಮವಾಗಿ ವರ್ಣಿಸಬೇಕು, ಓದುವವರ ಮನಸ್ಸಿನಲ್ಲಿ ಒಂದೇ ಚಿತ್ರ ಮೂಡಬೇಕು, ಅದಕ್ಕೆ ಹೊಂದದ ವಿವರ ಬಿಡಬೇಕು ಎಂದಿದ್ದರು. ನಾನು ಅಕ್ಕನ ಬಗ್ಗೆ ಬರೆದಿದ್ದೆ. ಹತ್ತಕ್ಕೆ ಒಂಬತ್ತು ಬಂದಿತ್ತು. ತಪ್ಪಿಲ್ಲವೆಂದು ಖಾತ್ರಿಯಿದ್ದದ್ದು ಅದೊಂದೇ. ಅಕ್ಷರ ಬಿಡದೆ ನಕಲು ಮಾಡಿದೆ.

ಪೇದೆ ಓದಿ, ಇಷ್ಟು ನೀಟಾಗಿ ಯಾರೂ ಬರೆದುಕೊಡುವುದಿಲ್ಲ ಎಂದರು. ಹೇಳಲು ನಾಚಿಕೆಯಾಗುತ್ತದೆ, ಆ ಹೊತ್ತಿನಲ್ಲೂ ನನಗೆ ಒಳಗೊಳಗೇ ಹಿಗ್ಗಾಯಿತು.

ಮುಕ್ಕಾಲು ಗಂಟೆ ಬೆಂಚಿನ ಮೇಲೆ ಕುಳಿತೆ. ಬಸ್ ನಿಲ್ದಾಣದ ಕಂಟ್ರೋಲರ್ ಠಾಣೆಗೆ ಫೋನ್ ಮಾಡಿದರು. ಉದ್ದ ಜಡೆಯ, ನೆಟ್ಟಗೆ ನಡೆಯುವ, ನೀಲಿ ಬಟ್ಟೆಯ ಹೆಂಗಸು ಅಲ್ಲಿ ಯಾರೂ ಇಲ್ಲವಂತೆ. ಒಬ್ಬಳು ವಿಳಾಸ ಹೇಳಲಾರದೆ ಕೂತಿದ್ದಳಂತೆ. ಆದರೆ ಅವಳ ಕೂದಲು ಮೋಟು, ಒಂದು ಕಾಲು ಎಳೆಯುತ್ತಿದ್ದಳು, ಮಣಿಕಟ್ಟಿನ ಮೇಲೆ ಸುಟ್ಟ ಕಲೆ. ಕಾಗದದಲ್ಲಿದ್ದವಳು ಇವಳಲ್ಲವೆಂದು ಸುಮ್ಮನಾದರಂತೆ. ತಂಗಿ ಕಾಯುತ್ತಿದ್ದಾಳೆ ಎನ್ನುತ್ತ ಅವಳು ಯಾವುದೋ ಬಸ್ಸು ಹತ್ತಿ ಹೋದಳಂತೆ.

ಅದು ಅಕ್ಕನೇ. ಜಡೆ ಹೆಣೆದುಕೊಳ್ಳಲು ಮರೆತುಹೋಗುತ್ತಿತ್ತೆಂದು ಅವಳ ಕೂದಲನ್ನು ಕತ್ತರಿಸಿದವಳು ನಾನೇ. ಕಲೆ ಇಸ್ತ್ರಿಪೆಟ್ಟಿಗೆಯದು, ನನಗೆ ತಗಲುತ್ತಿದ್ದುದನ್ನು ಅವಳು ಕೈ ಅಡ್ಡ ಹಿಡಿದು ತಡೆದಾಗ ಆದದ್ದು. ಚಿತ್ರಕ್ಕೆ ಹೊಂದುವುದಿಲ್ಲವೆಂದು ಒಂದೊಂದನ್ನೇ ಬಿಟ್ಟು, ಹೊಂದುವುದನ್ನು ಬರೆದಿದ್ದೆ. ಬರೆದದ್ದನ್ನು ಓದಿ ಹೇಳಿದಾಗ ಅಕ್ಕ ಬಿದ್ದುಬಿದ್ದು ನಕ್ಕಿದ್ದಳು.

"ಯಾರೇ ಇವ್ಳು? ಚೆನ್ನಾಗಿದ್ದಾಳಲ್ಲ! ಮನೆಗೆ ಬಂದ್ರೆ ನಂಗೂ ತೋರ್ಸು."

ಇದನ್ನೆಲ್ಲ ಪೇದೆಗೆ ಹೇಗೆ ಹೇಳಿದೆನೋ ಗೊತ್ತಿಲ್ಲ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಿತ್ತು. ಆ ಹೊತ್ತಿಗೆ ನಿಲ್ದಾಣದಿಂದ ಒಂಬತ್ತು ಬಸ್ಸು ಹೊರಟಿದ್ದವು, ಒಂದೊಂದು ಒಂದೊಂದು ದಿಕ್ಕಿಗೆ. ಅವರು ಹೊಸ ಹಾಳೆಯನ್ನು ತಮ್ಮ ಮುಂದಿಟ್ಟುಕೊಂಡು ಪೆನ್ನು ತೆಗೆದರು.

"ನೀವು ಹೇಳ್ತಾ ಹೋಗಿ ತಾಯಿ, ನಾನೇ ಬರ್ಕೋತೀನಿ. ಇರೋದನ್ನ ಇದ್ದ ಹಾಗೆ ಹೇಳಿ, ಸಾಕು."

ಕಲೆ ಎಂದೆ. ಕೂದಲು ಎಂದೆ. ಬಲಗಾಲು. ಮತ್ತೆ ಕಲೆ, ಎಡಗೈ. ಅವರು ಬರೆದುಕೊಂಡರು.

"ಇವತ್ತು ಯಾವ ಬಣ್ಣದ ಬಟ್ಟೆ ಹಾಕಿದ್ರು?"

ನೀಲಿ ಎಂಬುದು ನಾನು ಪುಸ್ತಕದಲ್ಲಿ ಬರೆದ ಬಣ್ಣ. ಅಂದು ಬೆಳಿಗ್ಗೆ ಅವಳು ನನ್ನೆದುರು ನಿಂತು ಏನೋ ಕೇಳಿದ್ದಳು, ಎರಡು ಸಲ ಕೇಳಿದ್ದಳು. ನಾನು ಪರೀಕ್ಷೆಗೆ ಓದುತ್ತಿದ್ದೆ, ತಲೆ ಎತ್ತದೆಯೇ ಹೂಂ ಎಂದಿದ್ದೆ.

ಪೇದೆ ಪೆನ್ನು ಹಿಡಿದು ಕಾಯುತ್ತಿದ್ದರು.